ಎರಡನೆಯ ಪೀಫಿ

ಏಪ್ರಿಲ್ 16, ಮಂಗಳವಾರ

ಬೆಳಿಗ್ಗೆ ಕಪ್ಪು ಕಾಫಿ. ಮಧ್ಯಾಹ್ನ ಮೆಕ್ಕೆಜೋಳದ ರವೆಯ ಕುಸ್ಕುಸ್, ನಾಲ್ಕು ತುತ್ತು. ರಾತ್ರಿ ಏನೂ ಇಲ್ಲ.

ಈ ನೋಟ್‌ಬುಕ್ ಕೊಟ್ಟವಳು ಆರೋಗ್ಯ ಕೇಂದ್ರದ ನರ್ಸ್ ಜಾಸಿರಾ. ತಿಂದದ್ದನ್ನೆಲ್ಲ ಇದರಲ್ಲಿ ಬರೆಯಬೇಕಂತೆ. "ಎರಡು ತಿಂಗಳಲ್ಲಿ ಒಂಬತ್ತು ಕೇಜಿ ಇಳಿದಿದ್ದೀಯ ಮರ್ಲೂಸಿ. ಮನಸ್ಸಿನ ವಿಷಯ ನನಗೆ ಹೇಳ್ಬೇಡ, ಅದಕ್ಕೆ ಔಷಧಿ ನನ್ನ ಹತ್ರ ಇಲ್ಲ. ಏನು ತಿಂದೆ, ಎಷ್ಟು ತಿಂದೆ, ಅಷ್ಟು ಬರಿ," ಎಂದಳು. ಪುಸ್ತಕವನ್ನು ಓದುವುದಿಲ್ಲವಂತೆ, ಬರೆದಿದ್ದೇನೋ ಇಲ್ಲವೋ ಅಂತ ತುಂಬಿದ ಪುಟಗಳ ದಪ್ಪವನ್ನಷ್ಟೇ ನೋಡುತ್ತಾಳಂತೆ. ಆದ್ದರಿಂದ ಪುಟ ತುಂಬಿಸಲು ಏನಾದರೂ ಬರೆಯಬೇಕು.

ಇವತ್ತು ಜೀನ್ಸ್ ಪ್ಯಾಂಟಿನ ಹಿಂಜೇಬು ನೂರೆಂಬತ್ತು ಹೊಲಿದೆ. ಎಲ್ಲವೂ ನೆಟ್ಟಗಿವೆ.

ಏಪ್ರಿಲ್ 19, ಶುಕ್ರವಾರ

ಕಾಫಿ. ಒಂದು ಬಾಳೆಹಣ್ಣು.

ಅಪ್ಪ ಊಟದ ಮೇಜಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಅವನು ಹಾಗೆ ಕೂತರೆ ಏನೋ ಹೇಳಲಿಕ್ಕಿದೆ ಎಂದು ಅರ್ಥ. ನಮ್ಮೂರು ಕರುವಾರಿನಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಒತಾಸಿಲಿಯೊ ಎನ್ನುತ್ತಾರೆ. ನಲವತ್ತು ವರ್ಷ ಪೀಫಿ ಊದಿದವನು. ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ಆ ಬೊಂಬಿನ ಕೊಳಲಿನ ಮೇಲೆ ತುಟಿ ನಿಲ್ಲದೆ, ಜಬುಂಬಾ ಡೋಲನ್ನು ಹೆಗಲಿಗೆ ಹಾಕಿಕೊಂಡ. ಮೊದಲನೆಯ ಪೀಫಿ ನನಗೆ ಬಂತು, ಎರಡನೆಯದು ನನ್ನ ತಮ್ಮ ನಿಲ್ಡೊಗೆ.

"ಜೂನ್ ಹದಿನೈದಕ್ಕೆ ರೆಸಿಫೆಗೆ ಬಂದು ನುಡಿಸ್ತೀವಿ ಅಂತ ನಿಲ್ಡೊ ಒಪ್ಪಿಕೊಂಡಿದ್ದ," ಎಂದ ಅಪ್ಪ. "ಅವನು ಕೊಟ್ಟ ಮಾತು. ಹೋಗ್ಬೇಕು."

"ಯಾರು ಹೋಗ್ತಾರೆ?"

"ನೀನು ಊದಿದ್ರೆ ಬ್ಯಾಂಡು ಹೋಗುತ್ತೆ. ಎರಡನೇದಕ್ಕೆ ಅದೌತೊನ ಕರೆದಿದ್ದೀನಿ. ಎರಡು ಪೀಫಿ ಇದ್ರೇನೇ ಬ್ಯಾಂಡು. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡು, ಈ ಜಬುಂಬಾನ ಚರ್ಚಿಗೆ ಕೊಟ್ಟು ಸುಮ್ಮನಾಗ್ತೀನಿ. ನಮ್ಮಜ್ಜ ಶುರು ಮಾಡಿದ್ದು ನನ್ನ ಕೈಲಿ ಮುಗೀತು ಅಂತ ಆಯ್ತು."

ನನಗೆ ಏನೂ ಅನ್ನಿಸಲಿಲ್ಲ. ನಿಲ್ಡೊನನ್ನು ಮಣ್ಣು ಮಾಡಿದ ದಿನವೂ ಅನ್ನಿಸಲಿಲ್ಲ, ಏಳನೆಯ ದಿನದ ಪೂಜೆಯಲ್ಲೂ ಅನ್ನಿಸಲಿಲ್ಲ. ಚಿಕ್ಕಮ್ಮಂದಿರು ನನ್ನ ಮುಖವನ್ನೇ ನೋಡುತ್ತಿದ್ದರು. ಕಾರ್ನಿವಲ್ ಮುಗಿದ ಶುಕ್ರವಾರ ಹೆದ್ದಾರಿಯಲ್ಲಿ ಅವನ ಬೈಕು ಜಾರಿತು, ಅಷ್ಟೇ. ಅವನಿಗೆ ನಲವತ್ತು, ನನಗೆ ನಲವತ್ತೆರಡು. ಅತ್ತರೆ ಏನಾಗುತ್ತದೆ, ಅಳದಿದ್ದರೆ ಏನಾಗುತ್ತದೆ?

ಏಪ್ರಿಲ್ 27, ಶನಿವಾರ

ಕಾಫಿ. ಮರಗೆಣಸು ಬೇಯಿಸಿದ್ದು ಎರಡು ತುಂಡು. ಸೂಪು ಅರ್ಧ ಲೋಟ.

ನಿಲ್ಡೊನ ಪೆಟ್ಟಿಗೆ ತೆಗೆದೆ. ಹಾಳಾದ ಟೀವಿಗಳ ಬಿಡಿಭಾಗ, ಬೆಸುಗೆ ಹಾಕುವ ಕಡ್ಡಿ, ಮೂರು ಪೀಫಿ, ಒಂದು ಹಳೆಯ ಕ್ಯಾಸೆಟ್. ಕ್ಯಾಸೆಟ್ ಮೇಲೆ ಅವನ ಒಂಬತ್ತನೆಯ ವಯಸ್ಸಿನ ವಕ್ರ ಅಕ್ಷರದಲ್ಲಿ 'ನೀರಿನ ಹಂತ' ಎಂದಿದೆ.

ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯ ಕೊನೆಗೆ ದೋನ ಕ್ರೆಯುಜಾ ಎಂಬಾಕೆಯ ಗ್ಯಾರೇಜಿನಲ್ಲಿ ಮೂರು ಟೀವಿ, ಮೂರು ವೀಡಿಯೊ ಗೇಮ್ ಪೆಟ್ಟಿಗೆ ಇದ್ದವು. ಗಂಟೆ ಲೆಕ್ಕದಲ್ಲಿ ಆಡಲು ಬಿಡುತ್ತಿದ್ದಳು. ನಮ್ಮದು ಮುಳುಗುಗಾರನ ಆಟ. ಮೂರನೆಯ ಹಂತದಲ್ಲಿ ಅವನು ಮುಳುಗಿದ ಕೋಟೆಯೊಳಗೆ ಇಳಿಯುತ್ತಾನೆ, ಆಗ ಒಂದು ಹಾಡು ಬರುತ್ತದೆ. ಆಡುತ್ತಿದ್ದವಳು ನಾನು. ನಿಲ್ಡೊ ಕೈಗೆ ತೆಗೆದುಕೊಂಡರೆ ಮುಳುಗುಗಾರ ಮೊದಲ ಮೀನಿಗೇ ಸಾಯುತ್ತಿದ್ದ. ಆದ್ದರಿಂದ ಅವನು ಪಕ್ಕದಲ್ಲಿ ಕೂರುತ್ತಿದ್ದ. ಹಬ್ಬದ ಪ್ರಾರ್ಥನೆಗಳನ್ನು ದಾಖಲಿಸಲು ಅಪ್ಪ ಇಟ್ಟುಕೊಂಡಿದ್ದ ಟೇಪ್ ರೆಕಾರ್ಡರನ್ನು ಒಂದು ದಿನ ಕದ್ದು ತಂದು, ಸಂತ ಅಂತೋನಿಯ ಪ್ರಾರ್ಥನೆಯ ಮೇಲೆಯೇ ಆ ಹಾಡನ್ನು ತುಂಬಿಸಿದ. ಅಪ್ಪ ಕಿವಿ ಹಿಂಡಿ ಮನೆ ತುಂಬ ಓಡಾಡಿಸಿದ್ದ.

ಈಗ ರೆಸಿಫೆಯಲ್ಲಿ ಹಳೆಯ ಆಟಗಳ ಸಂಗೀತದ್ದೇ ಒಂದು ಕೂಟ. ಆ ಹಾಡನ್ನು ನಮ್ಮ ಪೀಫಿ, ಜಬುಂಬಾ, ಚರ್ಮದ ಸಣ್ಣ ಡೋಲು, ತಾಳಗಳಿಗೆ ಹೊಂದಿಸಿ ನುಡಿಸುತ್ತೇವೆ ಎಂದು ನಿಲ್ಡೊನೇ ಹೇಳಿಬಂದದ್ದು. ನನ್ನ ಫೋನಿನಲ್ಲಿ ಅವನ ದನಿಯ ಸಂದೇಶಗಳಿವೆ. ಡೋಲಿನ ಭಾಗಗಳನ್ನು ಬಾಯಲ್ಲೇ ಹೇಳಿದ್ದಾನೆ. ಕೊನೆಯದರಲ್ಲಿ, "ರಾಗಕ್ಕೆ ಕ್ಯಾಸೆಟ್ಟೇ ಕೇಳು, ಫೋನಲ್ಲೆಲ್ಲ ಹುಡುಕಬೇಡ. ಈ ಹಾಡಲ್ಲಿ ಒಂದು ತಮಾಷೆ ಇದೆ ಕಣೇ, ರೆಸಿಫೆ ವೇದಿಕೆ ಮೇಲೆ ಹೇಳ್ತೀನಿ," ಎಂದು ನಗುತ್ತಾನೆ.

ಸಂದೇಶವನ್ನು ಒಂದು ಸಲ ಕೇಳಿ ಮುಚ್ಚಿಟ್ಟೆ. ಅವನ ತಮಾಷೆಗಳು ಯಾವತ್ತೂ ಉದ್ದ.

ಮೇ 4, ಶನಿವಾರ

ಕುಸ್ಕುಸ್, ಬೆಣ್ಣೆ ಹಾಕಿ, ಅರ್ಧ ತಟ್ಟೆ. ಮಧ್ಯಾಹ್ನ ಏನೂ ಇಲ್ಲ.

ಅದೌತೊ ಬಂದ. ಮೂವತ್ತು ವರ್ಷ ಕರುವಾರು–ಗರನ್ಯುಂಸ್ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಮಾತಾಡಲು ಆಗದ್ದನ್ನೆಲ್ಲ ಈಗ ಮಾತಾಡಿ ತೀರಿಸುತ್ತಿದ್ದಾನೆ. ಹಿತ್ತಲಲ್ಲಿ ನಿಲ್ಡೊನ ಕುರ್ಚಿ ಮೇಲೆಯೇ ಕೂತ. ಕೂರಬೇಡ ಎನ್ನಲು ಬಾಯಿ ತೆರೆದೆ, ಬೇರೆ ಕುರ್ಚಿ ಇರಲಿಲ್ಲ.

ಕ್ಯಾಸೆಟ್ ಹಾಕಿದೆ. ಮೊದಲು ಪ್ರಾರ್ಥನೆಯ ಎರಡು ಸಾಲು, ಆಮೇಲೆ ಟಕ್ ಎಂದು ನೀರಿನ ಹಂತ. ಪಕ್ಕದ ಟೀವಿಗಳ ಗುಂಡಿನ ಸದ್ದು, ಯಾರದೋ ಬೈಗುಳ, ಅದರ ನಡುವೆ ಎರಡು ಸಣ್ಣ ದನಿಗಳು ಒಂದರ ಕೆಳಗೊಂದು ಹೋಗುತ್ತವೆ.

ಅಪ್ಪ ತಲೆದೂಗಿದ. "ನೋಡಿದ್ಯಾ, ಜಪಾನಿನವರೂ ಎರಡು ಪೀಫಿ ಇಟ್ಟಿದ್ದಾರೆ. ತಿಳಿದೋರು."

"ಪೆಟ್ಟಿಗೆ ಹಾಡಿಗೆ ಇಷ್ಟು ಅಕ್ಕರೆನಾ ಮೇಷ್ಟ್ರೇ? ಅಸಲಿ ಹಾಡು ನನ್ನ ಫೋನಲ್ಲೇ ಸಿಗುತ್ತೆ, ಹುಡುಕಲಾ?" ಎಂದ ಅದೌತೊ.

"ಬೇಡ," ಎಂದೆ. "ನಿಲ್ಡೊ ಕ್ಯಾಸೆಟ್ಟು ಅಂದಿದ್ದಾನೆ."

ಯಂತ್ರದ ಸ್ವರಗಳು ನಮ್ಮ ಆರು ತೂತಿಗೆ ಸರಿಯಾಗಿ ಬೀಳುವುದಿಲ್ಲ. ಎರಡು ಕಡೆ ಅರ್ಧ ತೂತು ಮುಚ್ಚಬೇಕು, ಇಡೀ ಹಾಡನ್ನು ಕೆಳಗಿಳಿಸಬೇಕು. ನಾನು ಪೀಫಿ ಕೈಗೆ ತೆಗೆದುಕೊಳ್ಳಲಿಲ್ಲ. ಬೆರಳಿಂದ ಮೇಜಿನ ಮೇಲೆ ತೋರಿಸಿದೆ.

ಮೇ 11, ಶನಿವಾರ

ಕಾಫಿ, ಒಣ ಬ್ರೆಡ್. ಅದೌತೊನ ಹೆಂಡತಿ ಕಳಿಸಿದ ಜೋಳದ ಕೇಕು, ಒಂದು ಚೂರು. ಅವನು ನೋಡುತ್ತಿದ್ದ, ಆದ್ದರಿಂದ ತಿಂದೆ.

ಇವತ್ತು ಊದಿದೆ. ಬೆರಳು ತೋರಿಸಿ ತೋರಿಸಿ ಸಾಕಾಯಿತು, ಈ ಮನುಷ್ಯನಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ತುಟಿಗೆ ರೂಢಿ ತಪ್ಪಿದೆ. ಸ್ವರ ಬಂತು, ಅದರ ಹಿಂದೆ ಏನೂ ಬರಲಿಲ್ಲ. ಜೇಬು ಹೊಲಿದ ಹಾಗೆ ನುಡಿಸಿದೆ.

ಅಪ್ಪ ಕಣ್ಣು ಮುಚ್ಚಿಕೊಂಡು ಜಬುಂಬಾ ಹೊಡೆದ. ಮೇಲೆ ದಪ್ಪ ಕೋಲು, ಕೆಳಗೆ ತೆಳ್ಳನೆಯ ಕಡ್ಡಿ. ನೀರ ಗುಳ್ಳೆ ಒಡೆಯುವ ಸದ್ದಿಗೆ ಆ ಕಡ್ಡಿಯನ್ನೇ ಬಳಸು ಎಂದು ನಿಲ್ಡೊ ಹೇಳಿದ್ದ. ಗುಳ್ಳೆಯ ಹಾಗೆಯೇ ಕೇಳುತ್ತದೆ.

ಮೇ 18, ಶನಿವಾರ

ಕುಸ್ಕುಸ್ ಒಂದು ತಟ್ಟೆ, ಸುಟ್ಟ ಚೀಸಿನ ಜೊತೆ. ರಾತ್ರಿ ಸೂಪು.

ಅದೌತೊ ಜೊತೆ ಜಗಳ. ಪ್ರತಿ ಸುತ್ತಿನಲ್ಲೂ ಕೊನೆಯ ಏರು ಶುರುವಾಗುವ ಮೊದಲು ಎರಡನೆಯ ದನಿ ಅರ್ಧ ತಾಳ ನಿಲ್ಲುತ್ತದೆ. ಕ್ಯಾಸೆಟ್ಟಿನಲ್ಲಿ ಹಾಗೇ ಇದೆ. ಆಮೇಲೆ ಮೊದಲನೆಯದು ಮೇಲೆ ಹತ್ತುವಾಗ, ಜೊತೆಗೆ ಹತ್ತುವ ಬದಲು ಎರಡನೆಯದು ಕೆಳಗೆ ಇಳಿಯುತ್ತದೆ. ಈ ಪ್ರಾಣಿ ನಿಲ್ಲುವುದೇ ಇಲ್ಲ, ಬಸ್ಸು ಓಡಿಸಿದ ಹಾಗೆ ಒಂದೇ ಸಮನೆ ಓಡಿಸುತ್ತದೆ.

"ಅಲ್ಲಿ ಉಸಿರು ತಗೋ."

"ಯಾಕಮ್ಮ ತಾಯಿ? ನನ್ನ ಎದೇಲಿ ಇನ್ನೂ ಬೇಕಾದಷ್ಟು ಗಾಳಿ ಇದೆ. ಬೇಕಾದ್ರೆ ಒಂದು ಟೈರಿಗೆ ಹೊಡೆದು ತೋರಿಸ್ಲಾ?"

"ನಿನ್ನ ಗಾಳಿ ನೀನೇ ಇಟ್ಕೋ. ಹಾಡಲ್ಲಿ ನಿಲ್ಲು ಅಂತಿದೆ, ನಿಲ್ಲು."

"ಹಾಡು ಹೇಳ್ತಿಲ್ಲ, ನೀನು ಹೇಳ್ತಿದ್ದೀಯ. ಮೇಷ್ಟ್ರೇ, ನಿಮ್ಮ ಮಗಳು ಯೂನಿಫಾರ್ಮ್ ಇಲ್ಲದ ಪೊಲೀಸು."

ಅಪ್ಪ ನಕ್ಕ. ಫೆಬ್ರವರಿಯಿಂದ ಈಚೆಗೆ ಅವನ ಹಲ್ಲಿನ ಸೆಟ್ಟು ಕಂಡದ್ದು ಇದೇ ಮೊದಲು. ನಾನು ಹನ್ನೊಂದು ಸಲ ನಿಲ್ಲಿಸಿ ಹನ್ನೊಂದು ಸಲ ಶುರು ಮಾಡಿಸಿದೆ. ಕೊನೆಗೆ ಅವನು ನಿಂತ.

ಮೇ 25, ಶನಿವಾರ

ಒಣಮಾಂಸ, ಮರಗೆಣಸು. ಅರ್ಧ ತಟ್ಟೆಗಿಂತ ಜಾಸ್ತಿ.

ಅದೌತೊ ತಾಲೀಮಿನ ವೀಡಿಯೊ ಮಾಡಿ, ರೆಸಿಫೆಯ ಕೂಟ ನಡೆಸುವ ತರ್ಸಿಲಾ ಎಂಬಾಕೆಗೆ ಕಳಿಸಿದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಅವನಿಗೆ ಗೊತ್ತು.

ಮೇ 28, ಮಂಗಳವಾರ

ತರ್ಸಿಲಾಳ ದನಿಯ ಸಂದೇಶ ಬಂತು. ನಗುಮುಖದ ದನಿ.

"ಮರ್ಲೂಸಿಯವರೇ, ನೋಡಿ ಮೈ ಜುಂ ಅಂತು ನನಗೆ! ಒಂದೇ ಒಂದು ಕೇಳ್ಬೇಕಿತ್ತು. ಎರಡನೇ ಪೀಫಿದು ಯಾರು ಕಟ್ಟಿದ್ದು? ಯಾಕಂದ್ರೆ ಆಟದಲ್ಲಿ ಅದಿಲ್ಲ. ಅಲ್ಲಿ ಇರೋದು ಒಂದೇ ರಾಗ, ಕೆಳಗೆ ದಪ್ಪ ಸ್ವರ, ಅಷ್ಟೇ. ಕಟ್ಟಿದವರ ಹೆಸರು ಕಾರ್ಯಕ್ರಮದ ಹಾಳೆಲಿ ಹಾಕ್ಬೇಕಲ್ಲ, ಅದಕ್ಕೆ ಕೇಳಿದೆ."

ನನಗೆ ಸಿಟ್ಟು ಬಂತು. ಎರಡು ವರ್ಷ ಆ ನೀರಿನಲ್ಲಿ ಈಜಿದವಳು ನಾನು. ಇವಳು ಆಗ ಹುಟ್ಟಿದ್ದಳೋ ಇಲ್ಲವೋ. "ಆಟದಲ್ಲಿದೆ. ಸರಿಯಾಗಿ ಕೇಳಿಸ್ಕೊಳ್ಳಿ," ಎಂದು ಹೇಳಿ ಕಳಿಸಿದೆ.

ಅವಳು ಮಾತು ಬೆಳೆಸಲಿಲ್ಲ, ಆಟದ ಹಾಡನ್ನೇ ಕಳಿಸಿದಳು. ಕೇಳಿದೆ. ನನ್ನ ರಾಗ ಇದೆ, ಒಂಟಿಯಾಗಿ. ದಪ್ಪ ಸ್ವರ ಬಿಟ್ಟರೆ ಅದರ ಕೆಳಗೆ ಖಾಲಿ. ಬೇರೆ ಯಾವುದೋ ಮನೆಗೆ ತಪ್ಪಿ ಹೋದ ಹಾಗಾಯಿತು. ಯಂತ್ರ ಹಾಳಾಗಿರಬೇಕು ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಖಾಲಿಯೇ.

ಆಮೇಲೆ ಕ್ಯಾಸೆಟ್ ಹಾಕಿ ರೆಕಾರ್ಡರಿಗೆ ಕಿವಿ ಹಚ್ಚಿದೆ. ಎರಡನೆಯ ದನಿ ಬರುತ್ತದೆ, ಇಳಿಯುತ್ತದೆ, ಏರಿಗೆ ಮುಂಚೆ ಅರ್ಧ ತಾಳ ನಿಲ್ಲುತ್ತದೆ. ನಿಂತಾಗ ಸ್ಸ್ ಎಂದು ಗಾಳಿ ಒಳಗೆ ಹೋಗುತ್ತದೆ.

ಯಂತ್ರ ಉಸಿರಾಡುವುದಿಲ್ಲ.

ಆ ವರ್ಷ ನಿಲ್ಡೊನ ಮುಂದಿನ ಎರಡು ಹಲ್ಲು ಬಿದ್ದಿದ್ದವು. ತುಟಿ ಅಲ್ಲಾಡಿಸದೆ ಆ ಸಂದಿನಿಂದಲೇ ಸಿಳ್ಳೆ ಹಾಕುತ್ತಿದ್ದ, ಅಮ್ಮ ಬೈಯುತ್ತಿದ್ದಳು. ನಾನು ಆಡುವಾಗ ಅವನು ಯಾವತ್ತೂ ನನ್ನ ಪಕ್ಕದಲ್ಲೇ ಇದ್ದ. ಅವನಿಲ್ಲದೆ ಆ ಹಾಡನ್ನು ನಾನು ಒಮ್ಮೆಯೂ ಕೇಳಿಲ್ಲ. ನನ್ನ ಕಣ್ಣು ಮೀನುಗಳ ಮೇಲೆ. ಕಿವಿಗೆ ಅನುಮಾನವೇ ಬರಲಿಲ್ಲ, ನಮ್ಮ ಮನೆಯಲ್ಲಿ ಯಾವ ಹಾಡೂ ಒಂಟಿಯಾಗಿ ನಡೆದದ್ದೇ ಇಲ್ಲವಲ್ಲ. ಒಂದು ಪೀಫಿ ಹೊರಟರೆ ಇನ್ನೊಂದು ಜೊತೆಗೆ ಹೊರಡಲೇಬೇಕು. ಒಂಟಿ ರಾಗ ಕೇಳಿ ಅವನಿಗೆ ತಡೆಯಲಾಗಿಲ್ಲ, ಕೆಳಗೆ ತನ್ನ ಸಿಳ್ಳೆ ಸೇರಿಸಿದ, ಅಷ್ಟೇ. ಅಪ್ಪನೂ ಜಪಾನಿನವರನ್ನು ಹೊಗಳಿದ.

ತಮಾಷೆ ಇದೇ ಇರಬೇಕು.

ಇವತ್ತು ಏನು ತಿಂದೆನೆಂದು ಬರೆಯಲು ಮರೆತಿದ್ದೇನೆ. ಏನೂ ತಿಂದಿಲ್ಲ. ಅಳುವೂ ಬರಲಿಲ್ಲ. ಜೇಬು ಹೊಲಿದೆ, ಇಪ್ಪತ್ತು ಜೇಬು ತಲೆಕೆಳಗಾಗಿದ್ದವು, ಬಿಚ್ಚಿದೆ.

ಮೇ 30, ಗುರುವಾರ

ಸೂಪು.

ತರ್ಸಿಲಾಗೆ ನಿಲ್ಡೊನ ಪೂರ್ತಿ ಹೆಸರು ಕಳಿಸಿದೆ: ಜೋಸೆನಿಲ್ಡೊ. ಅಪ್ಪನಿಗೆ ಹೇಳಿಲ್ಲ. ಹೇಳಲು ಕೂತೆ, ಅವನು ಜಬುಂಬಾದ ಹಗ್ಗ ಬಿಗಿಯುತ್ತಿದ್ದ, ಎದ್ದುಬಂದೆ.

ಜೂನ್ 8, ಶನಿವಾರ

ಜೋಳದ ಕಡುಬು ಪಾಮೊನ್ಯಾ ಒಂದು, ಪೂರ್ತಿ. ಬೀದಿ ತುಂಬ ಹೊಸ ಜೋಳ ತುರಿಯುವ ವಾಸನೆ, ಸಂತ ಜೋವಾನನ ಹಬ್ಬ ಹತ್ತಿರ ಬಂತು.

ಆಟದ ಹಾಡಿಗೆ ಕೊನೆಯಿಲ್ಲ. ಮುಳುಗುಗಾರ ಸಾಯುವ ತನಕ ಅಥವಾ ಬಾಗಿಲು ಸಿಗುವ ತನಕ ಸುತ್ತುತ್ತಲೇ ಇರುತ್ತದೆ. ವೇದಿಕೆ ಮೇಲೆ ಹಾಗೆ ಸುತ್ತಲು ಆಗುವುದಿಲ್ಲ, ಕೊನೆ ನಾವೇ ಮಾಡಬೇಕು. ನಿಲ್ಡೊ ಅದನ್ನು ಹೇಳಿಲ್ಲ. ನಾನು ತೀರ್ಮಾನಿಸಿದೆ.

"ನಾಲ್ಕನೇ ಸುತ್ತಲ್ಲಿ ಎರಡನೇದು ಉಸಿರಿಗೆ ನಿಲ್ಲುತ್ತಲ್ಲ, ಅಲ್ಲೇ ನಿಂತುಬಿಡು. ಮತ್ತೆ ಬರಬೇಡ. ಕೊನೇ ಏರು ನಾನೊಬ್ಬಳೇ."

ಅದೌತೊ ಪೀಫಿಯನ್ನು ತೊಡೆ ಮೇಲಿಟ್ಟ.

ಅಪ್ಪ ಕೇಳಿದ, "ಒಂಟಿ ಪೀಫೀಲಿ ಮುಗಿಸ್ತೀಯಾ? ನಮ್ಮ ಬ್ಯಾಂಡಲ್ಲಿ?"

"ಒಂಟಿಯಾಗೇ ಇದೆಯಲ್ಲಪ್ಪ."

ಅವನು ಜಬುಂಬಾದ ಚರ್ಮವನ್ನು ಅಂಗೈಯಿಂದ ಒರೆಸಿದ, ಅಲ್ಲಿ ಧೂಳಿರಲಿಲ್ಲ. "ನಿನ್ನಿಷ್ಟ ಮಗಳೇ," ಎಂದ.

ಜೂನ್ 16, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಅದೌತೊನ ಹಳೆಯ ಗೆಳೆಯನ ವ್ಯಾನಿನಲ್ಲಿ ಹೋದೆವು. ಡೋಲು, ತಾಳದವರು ನಮ್ಮ ಚಿಕ್ಕಪ್ಪನ ಮಕ್ಕಳು, ದಾರಿಯುದ್ದಕ್ಕೂ ನಿದ್ದೆ ಹೊಡೆದರು. ಸಭಾಂಗಣದ ತುಂಬ ಬಣ್ಣದ ಕೂದಲಿನವರು, ರಟ್ಟಿನ ಕತ್ತಿ ಹಿಡಿದವರು, ಒಬ್ಬನಂತೂ ತಲೆಗೆ ಮೀನಿನ ತೊಟ್ಟಿಯಂಥದ್ದನ್ನು ಹಾಕಿಕೊಂಡು ನಮ್ಮ ಮುಳುಗುಗಾರನೇ ಆಗಿದ್ದ.

"ಹಬ್ಬಕ್ಕೆ ಇನ್ನೂ ಒಂಬತ್ತು ದಿನ ಇದೆಯಲ್ಲ, ಇವರ್ಯಾಕೆ ಆಗಲೇ ವೇಷ ಹಾಕಿದ್ದಾರೆ?" ಎಂದ ಅಪ್ಪ.

"ಅವರೂ ನಿಮ್ಮ ಚರ್ಮದ ಟೋಪಿ ನೋಡಿ ಅದನ್ನೇ ಕೇಳ್ತಿರ್ತಾರೆ ಮೇಷ್ಟ್ರೇ," ಎಂದ ಅದೌತೊ.

ತರ್ಸಿಲಾ ಬಂದು ಕೈ ಹಿಡಿದಳು. ನಾನು ಅಂದುಕೊಂಡಷ್ಟು ಚಿಕ್ಕವಳೇನಲ್ಲ. ಕಾರ್ಯಕ್ರಮದ ಹಾಳೆ ಕೊಟ್ಟಳು, ಮಡಚಿ ಜೇಬಿಗಿಟ್ಟುಕೊಂಡೆ.

ನುಡಿಸಿದೆವು. ಮೊದಲ ಸುತ್ತಿಗೆ ಅವರು ಹಾಡನ್ನು ಗುರುತು ಹಿಡಿದು ಕೂಗಿದರು. ಜಬುಂಬಾ ಕಡ್ಡಿಯಲ್ಲಿ ಗುಳ್ಳೆ ಒಡೆದಾಗ ನಕ್ಕರು. ಎರಡನೆಯ ಸುತ್ತು, ಮೂರನೆಯದು. ಅದೌತೊ ಪ್ರತಿ ಸಲವೂ ಹೇಳಿದ ಜಾಗದಲ್ಲಿ ಉಸಿರು ತೆಗೆದುಕೊಂಡ. ನನ್ನ ಪಕ್ಕದಲ್ಲೇ, ಸ್ಸ್ ಎಂದು.

ನಾಲ್ಕನೆಯ ಸುತ್ತಿನಲ್ಲೂ ತೆಗೆದುಕೊಂಡ, ನಿಂತ. ಮಾತಿನಂತೆ ನಿಂತೇಬಿಟ್ಟ.

ನಾನು ಒಬ್ಬಳೇ ಏರಬೇಕಿತ್ತು. ಎರಡು ಸ್ವರ ಊದಿದೆ. ಕೆಳಗೆ ಖಾಲಿ. ಅವತ್ತು ಫೋನಿನಲ್ಲಿ ಕೇಳಿದ ಅದೇ ಖಾಲಿ. ಮೂರನೆಯ ಸ್ವರಕ್ಕೆ ತುಟಿ ನಡುಗಿತು. ನಗುತ್ತಲೋ ಅಳುತ್ತಲೋ ಪೀಫಿ ಊದಲು ಬರುವುದಿಲ್ಲ, ತುಟಿ ಮಾತು ಕೇಳುವುದಿಲ್ಲ. ಬರಿಯ ಗಾಳಿ ಹೋಯಿತು. ಪೀಫಿ ಕೆಳಗಿಳಿಸಿದೆ. ಇಷ್ಟು ದಿನ ಬಾರದ್ದು ಅಷ್ಟು ಜನರ ಮುಂದೆ, ದೀಪದ ಕೆಳಗೆ ಬಂತು. ಮೂಗು, ಬಾಯಿ, ಎಲ್ಲ ಕಡೆಯಿಂದ. ನಿಲ್ಡೊ, ನೀನು ಸತ್ತುಹೋದೆ ಎಂದು ಆಗ ಗೊತ್ತಾಯಿತು.

ಅಪ್ಪ ಡೋಲು ನಿಲ್ಲಿಸಲಿಲ್ಲ.

ಆಗ ಅದೌತೊ ಬಂದ. ನಿಲ್ಲು ಎಂದಿದ್ದ ಜಾಗದಿಂದಲೇ ಹೊರಟು, ತನ್ನ ಇಳಿಜಾರನ್ನು ಒಂದೊಂದೇ ಸ್ವರವಾಗಿ ಇಳಿದ. ನನ್ನ ರಾಗ ಇರಲಿಲ್ಲ, ಆಟದ ರಾಗ ಇರಲೇ ಇಲ್ಲ. ಹಲ್ಲು ಬಿದ್ದ ಹುಡುಗ ಕಟ್ಟಿದ್ದು ಮಾತ್ರ ಇತ್ತು. ಅದನ್ನು ಹಾಗೆ ಬಿಡಿಯಾಗಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಳ್ಳೆಯ ಹಾಡು ಅದು. ಕೆಳಗಿನ ಸ್ವರ ಮುಟ್ಟಿ ಮುಗಿಯಿತು. ಎಲ್ಲರೂ ಎದ್ದು ನಿಂತರು.

ಪರದೆ ಹಿಂದೆ ಅದೌತೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪಾಯ್ತಮ್ಮ. ನೀನು ನಿಲ್ಲು ಅಂದಿದ್ದೆ. ಎದೇಲಿ ಇನ್ನೂ ಗಾಳಿ ಉಳಿದಿತ್ತು."

"ಬಾಯ್ಮುಚ್ಚು," ಎಂದೆ, ಅವನ ಭುಜದ ಮೇಲೆ ಇನ್ನಷ್ಟು ಅತ್ತೆ. ಅವನ ಅಂಗಿ ಹಾಳಾಯಿತು.

ವ್ಯಾನು ಊರು ದಾಟಿದ ಮೇಲೆ ಅಪ್ಪ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದ, "ಆ ಎರಡನೇದು ಜಪಾನಿನವರದಲ್ಲ ಕಣೇ."

"ಅಲ್ಲಪ್ಪ."

"ಹಾಗೆ ಇಳಿಯೋದು ನಮ್ಮ ಮನೇಲಿ ಮಾತ್ರ. ನಮ್ಮಪ್ಪ ಹಾಗೇ ಇಳೀತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ ನಿಲ್ಡೊಗೆ."

"ಗೊತ್ತು."

"ಕ್ಯಾಸೆಟ್ಟಿಗೆ ಕಿವಿ ಹಿಂಡಿದ್ದೆ ನಾನು," ಎಂದು ಅಪ್ಪ ತನ್ನದೇ ಕಿವಿ ಮುಟ್ಟಿಕೊಂಡ. ನಾನು ಜೇಬಿನಿಂದ ಹಾಳೆ ತೆಗೆದು ಕೊಟ್ಟೆ. ಕನ್ನಡಕ ತಂದಿರಲಿಲ್ಲ, ದೂರ ಹಿಡಿದು ಹಿಡಿದು ಓದಿದ. ಎರಡನೆಯ ಪೀಫಿಯ ರಾಗ: ಜೋಸೆನಿಲ್ಡೊ, ಒಂಬತ್ತು ವರ್ಷ. ವಯಸ್ಸನ್ನು ನಾನೇ ಹಾಕಿಸಿದ್ದೆ.

ಬೆಜೆರುಸ್ ಹತ್ತಿರ ರಸ್ತೆ ಬದಿಯಲ್ಲಿ ನಿಲ್ಲಿಸಿ ಎಲ್ಲರೂ ತಿಂದೆವು. ಸಂತ ಜೋವಾನನ ಹಬ್ಬಕ್ಕೆ ಇನ್ನು ಮೂರು ಹಾಡು ತಯಾರಾಗಬೇಕು, ಅದೌತೊಗೆ ಒಂದೂ ಸರಿಯಾಗಿ ಬರುವುದಿಲ್ಲ. ಅಲ್ಲೇ, ತಟ್ಟೆ ಮುಂದೆಯೇ, ಎರಡನೆಯದಕ್ಕೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಅವನ ಜೊತೆ ಜಗಳವಾಯಿತು.

ಜೂನ್ 18, ಮಂಗಳವಾರ

ಜಾಸಿರಾ ಪುಸ್ತಕದ ದಪ್ಪ ನೋಡುವುದು ಬಿಟ್ಟು ಕೊನೆಯ ಪುಟವನ್ನೇ ತೆರೆದಳು. "ಶನಿವಾರ ಏನು ತಿಂದೆ ಅಂತ ಬರೆದೇ ಇಲ್ಲವಲ್ಲೇ?" ಎಂದಳು.

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮಾಂಸ ಇತ್ತು, ಜೋಳದ್ದು ಏನೋ ಇತ್ತು, ಅಪ್ಪನ ತಟ್ಟೆಯಲ್ಲಿ ಉಳಿದದ್ದನ್ನೂ ನಾನೇ ಎಳೆದುಕೊಂಡೆ ಅಂತ ಕಾಣುತ್ತದೆ.